ಮಗ್ಗುಲು ಬದಲಿಸುವ ಕೆಲಸ: ಒಂದು ಹಾಸಿಗೆಹುಣ್ಣಿನ ಹದಿನಾಲ್ಕು ವಾರ

"ಮುಲಾಮು ಯಾವುದು ಹಚ್ಚಬೇಕು ಸಿಸ್ಟರೇ?" ಕಾಸರಗೋಡಿನ ಬದಿಯಡ್ಕ, ಪೆರ್ಲ, ಪೈವಳಿಕೆ ಕಡೆಯ ಮನೆಗಳಿಗೆ ಪಾಲಿಯೇಟಿವ್ (ಹಾಸಿಗೆ ಹಿಡಿದವರ, ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ) ಭೇಟಿಗೆ ಹೋದರೆ ಚೀಲ ಕೆಳಗಿಡುವ ಮೊದಲೇ ಈ ಪ್ರಶ್ನೆ ಬರುತ್ತದೆ. ಹಾಸಿಗೆಹುಣ್ಣು ಹೊರಗಿನಿಂದ ಆದ ಗಾಯವಲ್ಲ. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿಬಿದ್ದ ಮಾಂಸಕ್ಕೆ ರಕ್ತ ಹೋಗದೆ, ಅದು ಒಳಗೇ ಸತ್ತು, ಕೊನೆಗೆ ಚರ್ಮ ಒಡೆದು ಕಾಣಿಸಿಕೊಳ್ಳುವ ಗಾಯ. ಹಾಗಾಗಿ ಮುಲಾಮಿನ ಮಾತು ಆಮೇಲೆ. ಮಲಗಿದವರನ್ನು ಯಾರು ತಿರುಗಿಸುತ್ತಾರೆ, ಎಷ್ಟು ಹೊತ್ತಿಗೊಮ್ಮೆ, ಹೇಗೆ ಎನ್ನುವುದು ಮೊದಲು. ಅಂಥ ಒಂದು ಹುಣ್ಣನ್ನು ಹದಿನಾಲ್ಕು ವಾರ ನೋಡಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇವೆ. ಮನೆ ಯಾರದೆಂದು ಗುರುತು ಸಿಗದ ಹಾಗೆ ಅಲ್ಲಲ್ಲಿ ವಿವರ ಬದಲಿಸಿದ್ದೇವೆ.

ಕೇರಳ ಸರಕಾರ ಪಾಲಿಯೇಟಿವ್ ಆರೈಕೆಗೆಂದೇ 2008ರಲ್ಲಿ ಒಂದು ನೀತಿ ತಂದಿತು. ಪಂಚಾಯತಿನ ಹಣದಿಂದ ನರ್ಸು ಮನೆಮನೆಗೆ ಹೋಗುವ ಏರ್ಪಾಡು ಬಲವಾದದ್ದು ಅದರಿಂದ. ವಾರಕ್ಕೊಂದು, ಹೆಚ್ಚೆಂದರೆ ಎರಡು ಭೇಟಿ. ಅಂದರೆ ವಾರದ 168 ಗಂಟೆಗಳಲ್ಲಿ ನಮ್ಮ ಕೈ ರೋಗಿಯ ಮೇಲಿರುವುದು ಒಂದೆರಡು ಗಂಟೆ, ಉಳಿದದ್ದೆಲ್ಲ ಮನೆಯವರ ಕೈ. ಆ ಕೈಗೆ ಕೆಲಸ ಕಲಿಸಿ ಬರದಿದ್ದರೆ ನಾವು ಕಟ್ಟಿದ ಡ್ರೆಸ್ಸಿಂಗ್ ಎಷ್ಟು ಚೆಂದ ಇದ್ದರೂ ಪ್ರಯೋಜನವಿಲ್ಲ.

ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಎಂಬತ್ತರ ಆಸುಪಾಸಿನ ಅಜ್ಜ. ಮಂಗಳೂರಿನ ಒಂದು ಆಸ್ಪತ್ರೆಯಿಂದ ಮೂರು ವಾರದ ಮೇಲೆ ಮನೆಗೆ ಕರೆತಂದಿದ್ದರು. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ಈಚೆಗೆ ಕೊಂಡ ಮದ್ದಿನ ಕವರಿನ ಮೇಲಿನ ಬರಹ ಮಲಯಾಳದಲ್ಲಿ, ಮನೆಮಾತು ಹವ್ಯಕ ಕನ್ನಡ, ರಾತ್ರಿ ನೋಡಿಕೊಳ್ಳಲು ಇಟ್ಟುಕೊಂಡ ಹೋಂ ನರ್ಸಿಗೆ ಮಲಯಾಳ ಬಿಟ್ಟು ಬೇರೆ ಬಾರದು. ಗಡಿಯ ಈ ಕಡೆ ಇದು ಮಾಮೂಲು, ಆದರೆ ತಪ್ಪುಗಳು ಹುಟ್ಟುವುದೂ ಇಲ್ಲಿಂದಲೇ. ಚೀಟಿಯಲ್ಲಿ ಹುಣ್ಣಿನ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಮನೆ ತೋಟದ ನಡುವೆ, ಜೀಪು ಹೋಗುವುದು ಗುಡ್ಡೆಯ ಮೇಲಿನವರೆಗೆ. ಅಲ್ಲಿಂದ ಇಳಿದು ಕಾಲುಸಂಕ ದಾಟಬೇಕು. ಚೀಲವನ್ನು ನೆಲದಲ್ಲಿ ಇಡುವುದಿಲ್ಲ. ಸ್ಟೂಲಿನ ಮೇಲೆ ಪತ್ರಿಕೆ ಹರಡಿ ಅದರ ಮೇಲೆ. ಮೊದಲು ಸೋಪಿನಲ್ಲಿ ಕೈ ತೊಳೆಯುವುದು, 40ರಿಂದ 60 ಸೆಕೆಂಡ್. ಬೆರಳಸಂದು, ಹೆಬ್ಬೆರಳು, ಉಗುರಿನ ತುದಿ ಬಿಡದೆ. ಬೇಕಾದದ್ದನ್ನೆಲ್ಲ ಒಂದೇ ಸಲಕ್ಕೆ ಹೊರಗೆ ತೆಗೆದು ಚೀಲ ಮುಚ್ಚಿಬಿಡಬೇಕು. ಗ್ಲೌಸ್ ಹಾಕಿದ ಕೈ ಮತ್ತೆ ಚೀಲದೊಳಗೆ ಹೋದರೆ ಈ ಮನೆಯ ರೋಗಾಣು ಮುಂದಿನ ಮನೆಗೆ ಹೋದ ಹಾಗೆ.

"ಅಜ್ಜ, ನಿಮ್ಮನ್ನು ಎಡಬದಿಗೆ ತಿರುಗಿಸಿ ಬೆನ್ನು ನೋಡ್ತೇವೆ, ಆಗಬಹುದಾ?" ಮಾತು ತೊದಲುವವರಾದರೂ, ಅರ್ಥವಾಗುವುದಿಲ್ಲ ಎಂದು ಮನೆಯವರು ಹೇಳಿದರೂ ಕೇಳಲೇಬೇಕು. ಅಜ್ಜ ಕಣ್ಣುಮುಚ್ಚಿ ತಲೆ ಆಡಿಸಿದರು, ಅದು ಒಪ್ಪಿಗೆ. ಬಾಗಿಲು ಓರೆ ಮಾಡಿ, ಬೇಕಾದಷ್ಟೇ ಬಟ್ಟೆ ಸರಿಸಿದೆವು.

ಟೊಂಕದ ಕೆಳಗಿನ ಎಲುಬಿನ ಮೇಲೆ ಹುಣ್ಣು. ಉದ್ದ 6 ಸೆಂಟಿಮೀಟರ್, ಅಗಲ 5. ಉದ್ದವೆಂದರೆ ಯಾವಾಗಲೂ ತಲೆಯಿಂದ ಕಾಲಿನ ಕಡೆಗೆ, ಅಗಲವೆಂದರೆ ಅಡ್ಡಕ್ಕೆ. ಪ್ರತಿ ಸಲವೂ, ಯಾರೇ ಅಳೆದರೂ ಹಾಗೆಯೇ ಅಳೆಯಬೇಕು, ಇಲ್ಲದಿದ್ದರೆ ಮುಂದಿನ ವಾರದ ಲೆಕ್ಕಕ್ಕೆ ಅರ್ಥವಿಲ್ಲ. ತಳವೆಲ್ಲ ಹಳದಿ ಲೋಳೆಯ ಸತ್ತ ಮಾಂಸ. ತಳ ಕಾಣದಷ್ಟು ಮುಚ್ಚಿಕೊಂಡಿದ್ದರೆ ಹುಣ್ಣು ಮೂರನೆಯ ಹಂತದ್ದೋ ನಾಲ್ಕನೆಯದೋ (ಆಳ ಹೆಚ್ಚಿದಷ್ಟೂ ಹಂತ ಹೆಚ್ಚು) ಎಂದು ಊಹಿಸಿ ಬರೆಯಬಾರದು. "ಹಂತ ಹೇಳಲಾಗದು" ಎಂದೇ ಬರೆಯಬೇಕು. ಒದ್ದೆ ಮಾಡಿದ ಹತ್ತಿಕಡ್ಡಿಯನ್ನು ಮೆಲ್ಲಗೆ ಅಂಚಿನಡಿ ಹಾಯಿಸಿದಾಗ, ತಲೆಯ ಕಡೆ ಗಡಿಯಾರದ ಹನ್ನೆರಡು ಎಂದಿಟ್ಟುಕೊಂಡರೆ ಹನ್ನೊಂದರ ದಿಕ್ಕಿನಲ್ಲಿ ಒಂದೂವರೆ ಸೆಂಟಿಮೀಟರ್ ಟೊಳ್ಳು. ಮೇಲಿನಿಂದ ಕಾಣುವ ಹುಣ್ಣಿಗಿಂತ ಒಳಗಿನದು ದೊಡ್ಡದು.

ಬಲ ಹಿಮ್ಮಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಒಣಗಿದ ಕಪ್ಪು ಚರ್ಮ. ಕೀವಿಲ್ಲ, ಸುತ್ತ ಕೆಂಪಿಲ್ಲ, ಒತ್ತಿದರೆ ಮೆತ್ತಗಿಲ್ಲ. ಮಗ ಅದನ್ನು ಬಿಸಿನೀರಲ್ಲಿ ನೆನೆಸಿ ಕಿತ್ತುಬಿಡುವ ಅಂದಾಜಿನಲ್ಲಿದ್ದರು. ಬೇಡ. ಹಿಮ್ಮಡಿಯ ಒಣ ಕಪ್ಪು ಹೊದಿಕೆಯೇ ಅದಕ್ಕೆ ರಕ್ಷೆ. ಒಣಗಿದ ಹಾಗೆಯೇ ಬಿಟ್ಟು, ಹಿಮ್ಮಡಿ ಯಾವುದಕ್ಕೂ ತಾಗದಂತೆ ಮೀನಖಂಡದ ಅಡಿಗೆ ದಿಂಬು ಕೊಟ್ಟರೆ ಸಾಕು. ಅದು ಮೆತ್ತಗಾದರೆ, ಒಸರಿದರೆ, ವಾಸನೆ ಬಂದರೆ ಆಗ ಡಾಕ್ಟರು ನೋಡಬೇಕು.

ಎಡ ಸೊಂಟದ ಎಲುಬಿನ ಮೇಲಿನ ಚರ್ಮ ಹೊರನೋಟಕ್ಕೆ ಸರಿಯಿತ್ತು. ನಮ್ಮವರ ಕಪ್ಪು ಚರ್ಮದಲ್ಲಿ ಪುಸ್ತಕದ ಚಿತ್ರದ ಹಾಗೆ ಕೆಂಪು ಕಾಣುವುದಿಲ್ಲ. ಬೆರಳಿಟ್ಟು ನೋಡಬೇಕು: ಸುತ್ತಲಿಗಿಂತ ಬೆಚ್ಚಗಿದೆಯೇ, ಗಟ್ಟಿಯೇ ಅಥವಾ ನೀರು ತುಂಬಿದ ಹಾಗೆ ಮೆತ್ತಗೆಯೇ, ನೋಯುತ್ತದೆಯೇ. ಅಲ್ಲಿ ಬೆಚ್ಚಗೆ, ಗಟ್ಟಿಯಾಗಿತ್ತು. ಮೊದಲನೆಯ ಹಂತವೆಂದರೆ ಅದು. ಅಲ್ಲಿ ತಿಕ್ಕಬಾರದು, ಎಣ್ಣೆ ಹಾಕಿ ನೀವಬಾರದು. ಒಳಗೆ ಜಜ್ಜಿಹೋದ ಸಣ್ಣ ರಕ್ತನಾಳಗಳು ಉಜ್ಜಿದರೆ ಇನ್ನೂ ಹರಿಯುತ್ತವೆ. ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ಪ್ರೀತಿಯ ಕೆಲಸ, ಹಾಗಾಗಿ ಬೇಡವೆಂದು ಒಮ್ಮೆ ಹೇಳಿದರೆ ಸಾಲದು. "ಕೈಕಾಲಿಗೆ ಹಚ್ಚಿ ಅಕ್ಕ, ಎಲುಬು ಎದ್ದ ಜಾಗಕ್ಕೆ ಮಾತ್ರ ಬೇಡ" ಎಂದರೆ ಸೊಸೆಗೂ ಸಮಾಧಾನ.

ಹಾಸಿಗೆಹುಣ್ಣಾಗುವ ಅಪಾಯ ಎಷ್ಟೆಂದು ನೋಡುವ ಬ್ರೇಡನ್ ಅಳತೆಯಲ್ಲಿ ಸ್ಪರ್ಶಜ್ಞಾನ, ತೇವ, ಓಡಾಟ, ಮೈ ಹಂದಾಡಿಸುವ ಶಕ್ತಿ, ಆಹಾರ, ಉಜ್ಜಾಟ ಎಂಬ ಆರು ವಿಷಯ ಸೇರಿ ಹೆಚ್ಚೆಂದರೆ 23 ಅಂಕ. 18 ಅಥವಾ ಅದಕ್ಕಿಂತ ಕಡಮೆಯಾದರೆ ಅಪಾಯ. ಅಜ್ಜನಿಗೆ 11. ಆದರೆ ಅಂಕ ಬರೆದು ಮುಚ್ಚಿಡಲು ಅಲ್ಲ. ಆರರಲ್ಲಿ ಯಾವುದು ಕಡಮೆ ಎಂದು ನೋಡಿದರೆ ಮಾಡಬೇಕಾದ ಕೆಲಸ ಅಲ್ಲೇ ಕಾಣುತ್ತದೆ. ಇಲ್ಲಿ ಆಹಾರ, ತೇವ, ಉಜ್ಜಾಟ ಮೂರೂ ಮನೆಯಲ್ಲಿ ಸರಿಪಡಿಸಬಹುದಾದವು.

ಹುಣ್ಣಿಗೆ ಅದುವರೆಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೊರೆ ಬರಿಸುತ್ತಿದ್ದರು, ಮೇಲೆ ಅರಸಿನ. ನೊರೆ ಬಂದರೆ ಕೊಳೆ ಹೋಯಿತೆಂದು ತೋರುತ್ತದೆ. ನಿಜಕ್ಕೂ ಹೊಸದಾಗಿ ಹುಟ್ಟುವ ಜೀವಕೋಶವನ್ನೂ ಅದು ಸುಡುತ್ತದೆ. ಸ್ಪಿರಿಟ್ ಕೂಡ ಹಾಗೆಯೇ. ತೊಳೆಯಲು ಉಪ್ಪುನೀರು ಸಾಕು. ಅರ್ಧ ಲೀಟರ್ ನೀರಿಗೆ ತಲೆ ತಟ್ಟಿದ ಒಂದು ಟೀ ಚಮಚ ಪುಡಿಯುಪ್ಪು, ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಒಂದು ದಿನದೊಳಗೆ ಮುಗಿಸುವುದು. ಕಲ್ಲುಪ್ಪು ಬೇಡ, ಚಮಚದ ಅಳತೆ ಸರಿಬರುವುದಿಲ್ಲ. ಗಾಸ್ ದುಬಾರಿಯೆನಿಸಿದರೆ ಹಳೆಯ ಹತ್ತಿ ಪಂಚೆ ಒಗೆದು ಒಣಗಿಸಿ, ಅಂಗೈಯಗಲ ಕತ್ತರಿಸಿ, ಸ್ಟೀಲ್ ಡಬ್ಬಿಗೆ ಸಡಿಲವಾಗಿ ತುಂಬಿ, ನೀರು ತಾಗದಂತೆ ಕುಕ್ಕರಿನಲ್ಲಿ ಎತ್ತರಿಸಿಟ್ಟು, ಹಬೆ ಬಂದ ಮೇಲೆ ಅರ್ಧ ಗಂಟೆ. ಡಬ್ಬಿಯ ಮುಚ್ಚಳ ಬಿಗಿದಿಟ್ಟರೆ ಹಬೆ ಒಳಹೋಗುವುದಿಲ್ಲ, ಕುಕ್ಕರಿಗೆ ಇಟ್ಟದ್ದೇ ದಂಡ.

ಡ್ರೆಸ್ಸಿಂಗಿಗೆ ಮುಕ್ಕಾಲು ಗಂಟೆ ಮೊದಲು ಡಾಕ್ಟರು ಬರೆದ ಪಾರಾಸಿಟಮಾಲ್. ಹಳೆಯ ಪಟ್ಟಿ ಅಂಟಿದ್ದರೆ ಉಪ್ಪುನೀರಲ್ಲಿ ನೆನೆಸಿ ಬಿಡಿಸುವುದು, ಒಣಗಿದ್ದನ್ನು ಎಳೆದರೆ ಹೊಸ ಮಾಂಸವೂ ಬರುತ್ತದೆ. ಸಿರಿಂಜಿನಲ್ಲಿ ಉಪ್ಪುನೀರು ತುಂಬಿ ಮೆಲ್ಲನೆ ಹಾಯಿಸಿ ತೊಳೆದು, ಹಿಂಡಿದ ಒದ್ದೆ ಬಟ್ಟೆಯನ್ನು ಟೊಳ್ಳಿನೊಳಕ್ಕೂ ಹಗುರಾಗಿ ತುಂಬಿದೆವು. ಹಗುರಾಗಿ ಎಂಬುದು ಮುಖ್ಯ, ಗಿಡಿದು ತುಂಬಿದರೆ ಒಳಗಿನಿಂದಲೇ ಮತ್ತೊಂದು ಒತ್ತಡ. ಮೇಲೆ ಒಣ ದಪ್ಪ ಬಟ್ಟೆ, ಪೇಪರ್ ಪ್ಲಾಸ್ಟರನ್ನು ಚರ್ಮ ಎಳೆಯದಂತೆ ಅಂಟಿಸುವುದು. ಸುತ್ತಲಿನ ಚರ್ಮಕ್ಕೆ ತೆಳುವಾಗಿ ವ್ಯಾಸಲೀನ್. ಒಸರುವ ನೀರಲ್ಲಿ ನೆನೆದ ಚರ್ಮ ಬೆಳ್ಳಗಾಗಿ ಹರಿಯುತ್ತದೆ. ವಾಸನೆಗೆ ಮೆಟ್ರೋನಿಡಜೋಲ್ ಮಾತ್ರೆ ಪುಡಿಮಾಡಿ ಉದುರಿಸುವ ಕ್ರಮ ಪಾಲಿಯೇಟಿವ್‌ನಲ್ಲಿ ಹಳೆಯದು. ಡಾಕ್ಟರಿಗೆ ಫೋನಿನಲ್ಲಿ ವಿವರ ಹೇಳಿ, ಅವರು ಬರೆದ ಮೇಲೆ ಶುರುಮಾಡಿದೆವು. ಮನೆಯವರ ಒತ್ತಾಯಕ್ಕೆ ನರ್ಸು ತಾನಾಗಿ ಆಂಟಿಬಯಾಟಿಕ್ ಕೊಡುವಂತಿಲ್ಲ. ಸತ್ತ ಮಾಂಸ ಕತ್ತರಿಸುವುದೂ ಡಾಕ್ಟರ ಕೆಲಸ. ಒದ್ದೆಯಾಗಿಟ್ಟರೆ ಬಹುಪಾಲು ಅದೇ ಸಡಿಲವಾಗಿ ಬರುತ್ತದೆ.

ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ತಿರುಗಿಸುವುದು ಕಲಿಸಲು ಒಂದೂವರೆ ಗಂಟೆ, ಮತ್ತು ಮುಖ್ಯ ಕೆಲಸ ಅದೇ.

ಮಂಚ ತೀರ ತಗ್ಗು. ಬಗ್ಗಿ ಬಗ್ಗಿ ಸೊಸೆಯ ಸೊಂಟ ಹಿಡಿದಿತ್ತು. ಸೊಂಟ ಹಿಡಿದವರು ಎರಡು ಗಂಟೆಗೊಮ್ಮೆ ತಿರುಗಿಸಲಾರರು. ಮಗ ನಾಲ್ಕು ಸಮತಟ್ಟಾದ ಕೆಂಪುಕಲ್ಲು ತಂದು ಮಂಚದ ಕಾಲಡಿಗೆ ಕೊಟ್ಟರು. ಕಾಲು ಕೂರುವಲ್ಲಿ ಕಲ್ಲನ್ನು ಕೊರೆದು ಕುಳಿ ಮಾಡಿಸಿದೆವು, ಜಾರದಂತೆ. ಒಂದು ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಅಡಿಯಲ್ಲಿ ಹಾಸಿದೆವು. ಮೇಲಕ್ಕೆ ಸರಿಸುವಾಗ ಇಬ್ಬರು ಎರಡು ಬದಿಯಲ್ಲಿ ಸೀರೆಯ ಅಂಚು ಸುರುಳಿ ಸುತ್ತಿ ಹಿಡಿದು ಎತ್ತಬೇಕು, ಎಳೆಯಬಾರದು. ಕಂಕುಳಿಗೆ ಕೈಹಾಕಿ ಎಳೆದರೆ ಚರ್ಮ ಹಾಸಿಗೆಗೆ ಅಂಟಿ ನಿಲ್ಲುತ್ತದೆ, ಎಲುಬು ಮುಂದೆ ಹೋಗುತ್ತದೆ, ನಡುವಿನ ನಾಳಗಳು ಹರಿಯುತ್ತವೆ. ಲಕ್ವ ಹೊಡೆದ ಕೈಯನ್ನಂತೂ ಹಿಡಿದೆಳೆಯಲೇಬಾರದು, ಭುಜ ಜಾರುತ್ತದೆ.

ಒಬ್ಬರೇ ಇದ್ದಾಗ: ದೂರದ ಮೊಣಕಾಲು ಮಡಿಸಿ, ಒಂದು ಕೈ ಭುಜದ ಹಿಂದೆ, ಇನ್ನೊಂದು ಸೊಂಟದ ಹಿಂದೆ ಇಟ್ಟು ತಮ್ಮ ಕಡೆಗೆ ಹೊರಳಿಸುವುದು. ಪೂರ್ತಿ ಮಗ್ಗುಲಾಗಿಸಿದರೆ ಭಾರವೆಲ್ಲ ಸೊಂಟದ ಎಲುಬಿನ ಮೇಲೆ, ಅಲ್ಲಿ ಇನ್ನೊಂದು ಹುಣ್ಣು. ಬೆನ್ನಿನ ಒಂದು ಬದಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆಯಾಗಿಸಿದರೆ ಭಾರ ಪೃಷ್ಠದ ಮಾಂಸದ ಮೇಲೆ ಬೀಳುತ್ತದೆ. ಡಿಗ್ರಿ ಅಳೆಯುವವರು ಯಾರು? ಟೊಂಕದ ಎಲುಬಿನ ಕೆಳಗೆ ಅಂಗೈ ಸಲೀಸಾಗಿ ಹೋಗಬೇಕು, ಮತ್ತು ಹಾಸಿಗೆಗೆ ತಾಗಿದ ಸೊಂಟದ ಎಲುಬಿನ ಕೆಳಗೂ ಹೋಗಬೇಕು. ಎರಡೂ ಕಡೆ ಕೈ ಹೋದರೆ ಓರೆ ಸರಿಯಿದೆ. ಮೊಣಕಾಲುಗಳ ನಡುವೆ ಒಂದು ದಿಂಬು. ನಾವು ಮಾಡಿ ತೋರಿಸಿದ್ದು ಒಂದು ಸಲ, ಸೊಸೆ ನಮ್ಮೆದುರು ಮಾಡಿದ್ದು ಮೂರು ಸಲ. ಗೊತ್ತಾಯಿತು ಎಂಬ ಉತ್ತರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೈ ಮಾಡಿ ತೋರಿಸಬೇಕು.

ಇಲ್ಲಿ ಇನ್ನೊಂದು ಮಾತು. ಈ ಪ್ರದೇಶದಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದದ್ದು 2000ದವರೆಗೆ. ಆ ಕಾಲದ ಮಕ್ಕಳು ಈಗ ಬೆಳೆದು ದೊಡ್ಡವರಾಗಿ ಮಲಗಿದಲ್ಲೇ ಇರುವ ಮನೆಗಳು ಎಣ್ಮಕಜೆ ಸುತ್ತಮುತ್ತ ಇವೆ. ಸೊಂಟ, ಮೊಣಕಾಲು ಮಡಿಚಿ ಬಿಗಿದುಹೋದವರಿಗೆ ಈ 30 ಡಿಗ್ರಿ ಹಾಗೆಯೇ ಒಗ್ಗುವುದಿಲ್ಲ. ಅವರ ಮೈ ಯಾವ ಆಕಾರಕ್ಕೆ ನಿಂತಿದೆಯೋ ಅದಕ್ಕೆ ತಕ್ಕ ದಿಂಬು ಹುಡುಕಬೇಕು. ಹಾಗೆ ಮೂವತ್ತು ವರ್ಷ ಮಲಗಿದ ಮಗನ ಮೈಯಲ್ಲಿ ಒಂದು ಹುಣ್ಣೂ ಇಲ್ಲದಂತೆ ನೋಡಿಕೊಂಡ ತಾಯಂದಿರು ಅಲ್ಲಿದ್ದಾರೆ. ದಿಂಬಿನ ವಿಷಯದಲ್ಲಿ ನಾವು ಅವರಿಂದ ಕಲಿತದ್ದೇ ಹೆಚ್ಚು.

ಹಗಲು ಎರಡು ಗಂಟೆಗೊಮ್ಮೆ ಎಡ, ಬಲ. ಬೆನ್ನ ಮೇಲೆ ಊಟದ ಹೊತ್ತಿಗೆ ಮಾತ್ರ. ಬಲಬದಿಗೆ ಸ್ಪರ್ಶ ತಿಳಿಯದ ಕಾರಣ ಹಗಲಲ್ಲಿ ಆ ಬದಿಗೆ ಒಂದೂವರೆ ಗಂಟೆಯಷ್ಟೇ. ರಾತ್ರಿಯೂ ಎರಡು ಗಂಟೆಗೊಮ್ಮೆ ಏಳಿ ಎಂದು ಬರೆದುಕೊಟ್ಟರೆ ಮೂರನೆಯ ದಿನ ಯಾರೂ ಏಳುವುದಿಲ್ಲ. ಪಂಚಾಯತಿನಿಂದ ಪಂಪು ಗಾಳಿ ತುಂಬುವ ಏರ್‌ಬೆಡ್ ತರಿಸಿ 10, 1, 4 ಗಂಟೆಗೆ ಎಂದು ಗೊತ್ತುಮಾಡಿದೆವು. ಪ್ರತಿ ಸಲ ತಿರುಗಿಸುವಾಗ ಒತ್ತಿದ ಜಾಗ ಮುಟ್ಟಿ ನೋಡಬೇಕು. ಅರ್ಧ ಗಂಟೆ ಕಳೆದರೂ ಅಲ್ಲಿನ ಬಿಸಿ, ಗಟ್ಟಿತನ ಇಳಿಯದಿದ್ದರೆ ಆ ಅವಧಿ ಈ ಚರ್ಮಕ್ಕೆ ಹೆಚ್ಚು, ಕಡಮೆ ಮಾಡಬೇಕು.

ಊಟದ ಹೊತ್ತಿನಲ್ಲಿ ಎರಡು ಬೇಡಿಕೆಗಳು ಎದುರೆದುರು ನಿಲ್ಲುತ್ತವೆ. ಲಕ್ವದವರಿಗೆ ನುಂಗುವಾಗ ಶ್ವಾಸಕ್ಕೆ ಹೋಗದಿರಲು ಆದಷ್ಟು ನೆಟ್ಟಗೆ ಕೂರಿಸಬೇಕು, ಆಮೇಲೂ ಅರ್ಧ ಗಂಟೆ ಮಲಗಿಸಬಾರದು. ಹಾಗೆ ಕೂತರೆ ಹುಣ್ಣಿನ ಮೇಲೆಯೇ ಭಾರ, ಕೆಳಗೆ ಜಾರಿದರೆ ಉಜ್ಜಾಟ. ದಾರಿ ಏನೆಂದರೆ, ಮೊದಲು ಮೊಣಕಾಲಡಿ ದಿಂಬು ಕೊಟ್ಟು ಆಮೇಲೆ ತಲೆಕಡೆ ಎತ್ತುವುದು, ಆಗ ಜಾರುವುದಿಲ್ಲ. ಊಟ, ಅರ್ಧ ಗಂಟೆ, ತಕ್ಷಣ ಮಗ್ಗುಲಿಗೆ. ತಿನ್ನಿಸುವಾಗ ಗದ್ದ ಸ್ವಲ್ಪ ಕೆಳಗೆ, ಸಣ್ಣ ಚಮಚ, ಹಿಂದಿನ ತುತ್ತು ನುಂಗಿದ್ದು ಕಂಡ ಮೇಲೆ ಮುಂದಿನದು. ಕೆಮ್ಮಿದರೆ, ಸ್ವರ ನೀರು ತುಂಬಿದ ಹಾಗೆ ಗೊರಗೊರ ಆದರೆ ನಿಲ್ಲಿಸಬೇಕು.

ಅಜ್ಜ ತಿನ್ನುತ್ತಿದ್ದದ್ದು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಹೊಟ್ಟೆ ತುಂಬುತ್ತದೆ, ಹುಣ್ಣು ತುಂಬುವುದಿಲ್ಲ. ಹುಣ್ಣಿರುವವರಿಗೆ ಕಿಲೋ ತೂಕಕ್ಕೆ ದಿನಕ್ಕೆ ಒಂದೂಕಾಲರಿಂದ ಒಂದೂವರೆ ಗ್ರಾಂ ಪ್ರೊಟೀನ್ ಬೇಕು. 50 ಕಿಲೋದವರಿಗೆ ಹೆಚ್ಚುಕಡಮೆ 60ರಿಂದ 75 ಗ್ರಾಂ. ಮೊಟ್ಟೆಮೀನು ಮುಟ್ಟದ ಮನೆ. ಅರ್ಧ ಲೀಟರ್ ಹಾಲು, ಮೊಸರಿನಲ್ಲಿ 16, ಒಂದು ಹಿಡಿ ಹೆಸರುಬೇಳೆ 50 ಗ್ರಾಂ ಬೇಯಿಸಿ ಅರೆದರೆ 12, ಅಷ್ಟೇ ನೆಲಗಡಲೆ ಹುರಿದು ನುಣ್ಣಗೆ ಅರೆದು ಗಂಜಿಗೆ ಸೇರಿಸಿದರೆ ಮತ್ತೆ 12, ಅಕ್ಕಿಯಿಂದ ಹತ್ತರಷ್ಟು. ಇನ್ನೂ ಹತ್ತು ಗ್ರಾಂ ಕಡಮೆ ಬೀಳುತ್ತದೆ, ಅದಕ್ಕೆ ಬೇಳೆಯನ್ನು ಎರಡು ಹೊತ್ತಿಗೆ ಮಾಡಿಸಿದೆವು. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಡಾಕ್ಟರನ್ನು ಕೇಳಿಯೇ.

ಮೂತ್ರ ಹೊರಬರುವ ಕೊಳವೆ ಕ್ಯಾಥೆಟರನ್ನು ಆಸ್ಪತ್ರೆಯಿಂದಲೇ ಹಾಕಿ ಕಳಿಸಿದ್ದರು, ಲೇಟೆಕ್ಸಿನದು, 16ನೆಯ ನಂಬರು. ಹುಣ್ಣು ಒದ್ದೆಯಾಗದಿರಲು ಸದ್ಯಕ್ಕೆ ಬೇಕಿತ್ತು. ಹಾಕಿದ ದಿನಾಂಕ ಎಲ್ಲೂ ಬರೆದಿರಲಿಲ್ಲ, ಫೋನು ಮಾಡಿ ಕೇಳಬೇಕಾಯಿತು. ಬದಲಿಸುವಾಗ ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲಿ ಹಾಕಿ ಮೂರರಿಂದ ಐದು ನಿಮಿಷ ಕಾಯುವುದನ್ನು ಅವಸರದಲ್ಲಿ ಬಿಡುವವರಿದ್ದಾರೆ, ಆ ನೋವು ಅನಗತ್ಯ. ಕೊಳವೆ ತನ್ನ ಕವಲಿನ ತನಕ ಒಳಗೆ ಹೋಗಿ, ಮೂತ್ರ ಬಂದದ್ದು ಕಂಡ ಮೇಲೆಯೇ ಅದರ ಒಳತುದಿಯ ಬಲೂನಿಗೆ 10 ಮಿಲಿ ಸ್ಟೆರೈಲ್ ನೀರು. ಮೂತ್ರ ಕಾಣುವ ಮೊದಲು ಉಬ್ಬಿಸಿದರೆ ಬಲೂನು ಮೂತ್ರನಾಳದಲ್ಲೇ ಉಬ್ಬಿ ಹರಿದು ರಕ್ತ ಬರುತ್ತದೆ. ಸಲೈನ್ ತುಂಬಿಸುವುದಿಲ್ಲ, ಉಪ್ಪು ಹರಳುಗಟ್ಟಿದರೆ ಮುಂದೆ ಬಲೂನು ಬರಿದಾಗುವುದಿಲ್ಲ. ಮುಗಿದ ಮೇಲೆ ಮುಂದೊಗಲನ್ನು ಮರಳಿ ಮುಂದಕ್ಕೆ ತರಲು ಮರೆತರೆ ಬಾವು ಬಂದು ಸಿಕ್ಕಿಕೊಳ್ಳುತ್ತದೆ. ಚೀಲ ಮೂತ್ರಕೋಶಕ್ಕಿಂತ ಕೆಳಗೆ, ನೆಲಕ್ಕೆ ತಾಗದೆ. ನಾಲ್ಕು ಗಂಟೆ ಹೊತ್ತು ಚೀಲಕ್ಕೆ ಏನೂ ಬಾರದೆ ಹೊಟ್ಟೆಯಡಿ ಉಬ್ಬಿದರೆ, ಅಜ್ಜ ಕಾರಣವಿಲ್ಲದೆ ಚಡಪಡಿಸಿದರೆ, ಮೊದಲು ಕೊಳವೆ ಮೈಯಡಿ ಮಡಿಚಿದೆಯೇ ನೋಡಿ, ಇಲ್ಲದಿದ್ದರೆ ಫೋನು ಮಾಡಿ ಎಂದು ಹೇಳಿದೆವು.

ಮೂರನೆಯ ವಾರಕ್ಕೆ ಹುಣ್ಣಿನ ತಳ ಕಾಣತೊಡಗಿತು. ಎಲುಬಿಲ್ಲ, ಸ್ನಾಯುವಿಲ್ಲ, ಮೂರನೆಯ ಹಂತ. ನಾಲ್ಕನೆಯ ವಾರ ಅಳೆದರೆ ಅಗಲ 5ರಿಂದ 5.5ಕ್ಕೆ ಹೋಗಿದೆ. ಅಂಚು ನೇರಳೆ. ಜ್ವರವಿಲ್ಲ, ಕೀವಿಲ್ಲ. ಕೀವಿಲ್ಲದೆ ಅಂಚು ನೇರಳೆಯಾದರೆ ಸೋಂಕಿಗಿಂತ ಮೊದಲು ಒತ್ತಡವನ್ನು ಹುಡುಕಬೇಕು. ಏರ್‌ಬೆಡ್ಡಿನ ಅಡಿಗೆ, ಟೊಂಕದ ನೇರಕ್ಕೆ ಅಂಗೈ ಮೇಲೆಮಾಡಿ ತೂರಿಸಿದೆವು. ಕೈಗೂ ಎಲುಬಿಗೂ ನಡುವೆ ಒಂದಿಂಚಿನಷ್ಟು ಗಾಳಿ ಇರಬೇಕು. ಎಲುಬು ಕೈಗೇ ಸಿಕ್ಕಿತು. ಮಳೆಗೆ ರಾತ್ರಿ ಕರೆಂಟು ಹೋಗಿ ಪಂಪು ನಿಲ್ಲುತ್ತಿತ್ತು, ಬಂದ ಮೇಲೂ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಅದನ್ನು ಹಾಕುತ್ತಿರಲಿಲ್ಲ. ಚಳಿಯೆಂದು ಬೆಡ್ಡಿನ ಮೇಲೆ ರಬ್ಬರ್ ಶೀಟು, ಅದರ ಮೇಲೆ ಮಡಿಸಿದ ಕಂಬಳಿ. ಟೊಂಕಕ್ಕೆ ಯಾರೋ ಹೇಳಿದರೆಂದು ನಡುವೆ ತೂತಿನ ಗಾಳಿದಿಂಬು. ಆ ಬಳೆಯಂಥ ದಿಂಬು ತೂತಿನ ಸುತ್ತ ಒತ್ತಿ ಹುಣ್ಣಿಗೆ ಬರುವ ರಕ್ತವನ್ನೇ ತಡೆಯುತ್ತದೆ. ಅಂಚು ನೇರಳೆಯಾದದ್ದು ಅದರಿಂದ.

ಇದಕ್ಕಿಂತ ದೊಡ್ಡ ತಪ್ಪು ನಮ್ಮದೇ. ತಿರುಗಿಸಲು ಕಲಿಸಿದ್ದು ಸೊಸೆಗೆ, ರಾತ್ರಿ ಪಕ್ಕದಲ್ಲಿದ್ದದ್ದು ಹೋಂ ನರ್ಸ್. ಸೊಸೆ ಕನ್ನಡದಲ್ಲಿ ಹೇಳಿದ್ದು ಅವರಿಗೆ ಅರ್ಧ ದಾಟಿತ್ತು. ಅಜ್ಜ ರಾತ್ರಿ "ಉರಿ, ಉರಿ" ಎಂದರೆ ಸೆಕೆಯೆಂದು ತಿಳಿದು ಫ್ಯಾನು ಹಾಕುತ್ತಿದ್ದರಂತೆ. ಅಂದು ಸಂಜೆ ಅವರು ಬರುವವರೆಗೆ ಕಾದು, ಮಲಯಾಳದಲ್ಲೇ ಮೊದಲಿನಿಂದ ಕಲಿಸಿದೆವು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಅಕ್ಷರ ಕಡಮೆ ಮಾಡಿ ಗಡಿಯಾರ, ಬಾಣ, ಸೂರ್ಯ, ಚಂದ್ರ ಬರೆದೆವು. ಅಡಿಯಲ್ಲಿ ನಾಲ್ಕು ಪದ ಎರಡೂ ಭಾಷೆಯಲ್ಲಿ: ನೋವು ಎಂದರೆ ವೇದನ, ಉರಿ ಎಂದರೆ ಪುಗಚ್ಚಿಲ್, ಸೆಳೆತ ಎಂದರೆ ಕಡಚ್ಚಿಲ್, ಜೋಮು ಎಂದರೆ ತರಿಪ್ಪ್. ಇದು ಬರೀ ಪದಾರ್ಥ ತಿಳಿಯಲು ಅಲ್ಲ. ಸೆಳೆಯುವ ನೋವಿಗೂ ನರದ ಉರಿಗೂ ಡಾಕ್ಟರು ಕೊಡುವ ಮದ್ದು ಬೇರೆ ಬೇರೆ. ಉರಿಯನ್ನು ಬರೀ ನೋವು ಎಂದು ಬರೆದು ಕಳಿಸಿದರೆ ಮದ್ದೂ ತಪ್ಪುತ್ತದೆ.

ಬಳಸಿದ ಪಟ್ಟಿ ಹಳದಿ ಚೀಲಕ್ಕೆ, ಕ್ಯಾಥೆಟರು ಮತ್ತು ಮೂತ್ರದ ಚೀಲ ಕೆಂಪಿಗೆ, ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ. ತೋಟದಲ್ಲಿ ಹೂಳಲು ಬಿಡದೆ ನಾವೇ ವಾಪಸ್ ಒಯ್ಯುವುದು. ಹುಣ್ಣಿನ ಫೋಟೋ ತೆಗೆಯುವ ಮೊದಲು ಅಜ್ಜನನ್ನೂ ಮಗನನ್ನೂ ಕೇಳಿದೆವು, ಪಕ್ಕದಲ್ಲಿ ಕಾಗದದ ಅಳತೆಪಟ್ಟಿ ಇಟ್ಟು ಮುಖ ಬಾರದಂತೆ ತೆಗೆದೆವು. ಡಾಕ್ಟರಿಗೆ ಕಳಿಸಿದ್ದು ಬಿಟ್ಟರೆ ಯಾವ ವಾಟ್ಸಾಪ್ ಗುಂಪಿಗೂ ಹೋಗಕೂಡದು, ಹೆಸರಿಲ್ಲದಿದ್ದರೂ.

ಭೇಟಿಯ ಪುಸ್ತಕದಲ್ಲಿ "ಹುಣ್ಣು ಪರವಾಗಿಲ್ಲ" ಎಂದು ಬರೆಯುವವರ ಮೇಲೆ ನಮಗೆ ನಿಜಕ್ಕೂ ಬೇಸರ. ಮುಂದಿನ ವಾರ ಬರುವ ನರ್ಸಿಗೆ ಅದರಿಂದ ಏನು ತಿಳಿಯಬೇಕು? ಉದ್ದ, ಅಗಲ, ಆಳ, ಟೊಳ್ಳಿನ ದಿಕ್ಕು, ತಳದಲ್ಲಿ ಕೆಂಪೆಷ್ಟು ಹಳದಿಯೆಷ್ಟು, ಒಸರು, ವಾಸನೆ, ನೋವು ಹತ್ತರಲ್ಲಿ ಎಷ್ಟು, ಯಾರಿಗೆ ಏನು ಕಲಿಸಿದೆವು, ಅವರು ಮಾಡಿ ತೋರಿಸಿದರೋ, ಸಮಯ, ಸಹಿ. ತಪ್ಪಿದ್ದನ್ನು ಒಂದೇ ಗೆರೆಯಲ್ಲಿ ಹೊಡೆದು ಪಕ್ಕದಲ್ಲಿ ಸಹಿ ಹಾಕುವುದು. ಬಿಳಿ ಬಳಿದು ಅಳಿಸುವುದಲ್ಲ.

ಐದನೆಯ ವಾರದಿಂದ ಹುಣ್ಣಿನ ಅಳತೆ ಇಳಿಯಿತು. ಎಂಟನೆಯ ವಾರ ಉದ್ದ 4, ಅಗಲ 3.5, ಟೊಳ್ಳು ಮುಚ್ಚಿತ್ತು, ತಳವೆಲ್ಲ ಕೆಂಪು ಹರಳಿನಂಥ ಮಾಂಸ. ಆ ಹಂತದಲ್ಲಿ ದಿನಾ ಬಿಚ್ಚಿ ತೊಳೆಯುವ ಉತ್ಸಾಹ ಬೇಡವೆಂದು ಹೇಳಿ, ಪಟ್ಟಿ ನೆನೆಯದಿದ್ದರೆ ಎರಡು ದಿನಕ್ಕೊಮ್ಮೆ ಮಾಡಿದೆವು. ಹತ್ತನೆಯ ವಾರ ಕ್ಯಾಥೆಟರ್ ತೆಗೆದು ಹೊರಗಿನಿಂದಲೇ ತೊಡಿಸುವ ಕಾಂಡಮ್ ಕೊಳವೆಗೆ ಬದಲಿಸಿದೆವು, ದಿನಕ್ಕೊಂದು, ಪ್ಲಾಸ್ಟರನ್ನು ಸುತ್ತ ಬಿಗಿಯದೆ. ಹಿಮ್ಮಡಿಯ ಕಪ್ಪು ಹೊದಿಕೆ ತಾನೇ ಅಂಚಿನಿಂದ ಏಳುತ್ತಿತ್ತು, ಕೆಳಗೆ ಹೊಸ ಚರ್ಮ.

ಮುಚ್ಚಿದ ಜಾಗದ ಚರ್ಮಕ್ಕೆ ಮೊದಲಿನ ಬಲ ಪೂರ್ತಿ ಎಂದೂ ಬರುವುದಿಲ್ಲ. ಹುಣ್ಣು ಮಾಯಿತು, ಇನ್ನು ತಿರುಗಿಸುವುದು ಬೇಡವಲ್ಲ ಎಂದು ಮಗ ಕೇಳಿದಾಗ ಅದನ್ನೇ ಹೇಳಿದೆವು. ಹದಿನಾಲ್ಕನೆಯ ವಾರದ ಪುಟದಲ್ಲಿ ಹೀಗಿದೆ: ಉದ್ದ 1.5, ಅಗಲ 1, ಆಳವಿಲ್ಲ, ಒಸರಿಲ್ಲ, ನೋವು ಹತ್ತರಲ್ಲಿ 2. ಎಡ ಸೊಂಟದ ಚರ್ಮ ಮೆತ್ತಗೆ, ಬಿಸಿಯಿಲ್ಲ. ಹೋಂ ನರ್ಸ್ ರಜೆಯಲ್ಲಿ, ರಾತ್ರಿ ಮಗ ನೋಡಿಕೊಳ್ಳುತ್ತಾರೆ, ಇಂದು ಕಲಿಸಿದೆ, ಎರಡು ಸಲ ಮಾಡಿ ತೋರಿಸಿದರು. ರಾತ್ರಿ 10ಕ್ಕೆ ಬಲಬದಿ, 1ಕ್ಕೆ ಎಡ, 4ಕ್ಕೆ ಬಲ.